ಪಲಾವ್ ದ್ವೀಪದಲ್ಲಿ ಹನ್ನೆರಡು ದಿನ

ನನ್ನ ಮಗನಿರುವ ದೇಶದ ಹೆಸರು ಪಲಾವ್ ಎಂದು ಹೇಳಿದಾಗಲೆಲ್ಲ ನಮ್ಮ ಕೇರಿಯ ಮಕ್ಕಳು ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದರು. “ಅಜ್ಜಿ ಪಲಾವಿಗೆ ಹೋಗುತ್ತಾರಂತೆ, ನಮಗೂ ಒಂದು ತಟ್ಟೆ ತರಲಿ” ಎಂಬುದು ಅವರ ಪರಿಹಾಸ್ಯ. ನಾನೂ ನಕ್ಕೆನು. ಆದರೆ ಅರುವತ್ತೆಂಟು ವರ್ಷದ ಹೆಂಗಸು, ತೀರ್ಥಹಳ್ಳಿಯ ಸೀಮೆಯನ್ನು ಬಿಟ್ಟು ಹೆಚ್ಚೆಂದರೆ ಕಾಶಿಯವರೆಗೆ ಹೋಗಿ ಬಂದವಳು, ಪೆಸಿಫಿಕ್ ಮಹಾಸಾಗರದ ಒಂದು ದ್ವೀಪಕ್ಕೆ ಒಬ್ಬಳೇ ಹೊರಡುವುದು ಬರಿಯ ನಗೆಯ ವಿಷಯವಾಗಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ, ಸುರುಳಿ ಸುತ್ತಿ ದಾರ ಕಟ್ಟಿದ ಒಂದು ಹಳೆಯ ಕ್ಯಾಲೆಂಡರು ಇದ್ದಿತು. ಅದನ್ನು ಮಗನ ಕೈಗೆ ಕೊಡಬೇಕೋ ಬೇಡವೋ ಎಂಬುದನ್ನು ಮನೆಯ ಹೊಸಿಲು ದಾಟುವಾಗಲೂ ನಾನು ನಿಶ್ಚಯಿಸಿರಲಿಲ್ಲ.

ಹಿಂದಿನ ಸಂಗತಿಯನ್ನು ಸ್ವಲ್ಪ ಹೇಳಬೇಕು. ನಮಗೆ ಒಬ್ಬನೇ ಮಗ. ಎಂಜಿನಿಯರಿಂಗ್ ಓದಿ ಸಿಂಗಪುರದಲ್ಲಿ ಕೆಲಸಕ್ಕಿದ್ದವನು, ಅಲ್ಲಿ ರಜೆಯ ದಿನಗಳಲ್ಲಿ ಸಮುದ್ರದಲ್ಲಿ ಮುಳುಗುವ ವಿದ್ಯೆಯನ್ನು ಕಲಿತನು. 2017ನೆಯ ಇಸವಿಯಲ್ಲಿ ಕೆಲಸವನ್ನು ಬಿಟ್ಟು, ಪ್ರವಾಸಿಗಳನ್ನು ನೀರಿನಡಿಗೆ ಕರೆದೊಯ್ದು ತೋರಿಸುವ ಉದ್ಯೋಗವನ್ನು ಹಿಡಿದು ಪಲಾವಿಗೆ ಹೋದನು. ಹೋಗುವ ಮುಂಚೆ ಊರಿಗೆ ಬಂದಿದ್ದಾಗ, ಉಪಾಧ್ಯಾಯರಾಗಿದ್ದು ನಿವೃತ್ತರಾಗಿದ್ದ ನಮ್ಮ ಮನೆಯವರು, “ನೀರಿನಲ್ಲಿ ಮುಳುಗುವುದೂ ಒಂದು ಉದ್ಯೋಗವೇ?” ಎಂದು ಕೇಳಿಬಿಟ್ಟರು. ತಂದೆಮಕ್ಕಳು ಮುಖಾಮುಖಿಯಾಗಿ ಆಡಿದ ಕೊನೆಯ ಮಾತು ಅದೇ ಆಯಿತು. ಆ ಮೇಲೆ ದೂರವಾಣಿಯಲ್ಲಿ ಮಳೆ ಬೆಳೆಯ ಮಾತಿನ ಹೊರತು ಅವರಿಬ್ಬರ ನಡುವೆ ಬೇರೆ ಮಾತು ನಡೆಯಲಿಲ್ಲ.

2020ನೆಯ ಇಸವಿಯ ಯುಗಾದಿಗೆ ಬರುತ್ತೇನೆಂದು ಮಗನು ತಿಳಿಸಿದ್ದನು. ಆ ವರ್ಷ ಮಾರ್ಚ್ 25ಕ್ಕೆ ಹಬ್ಬ. ಹಬ್ಬಕ್ಕೆ ಮೂರು ದಿನ ಮುಂಚೆ, ಕೊರೋನ ಜಾಡ್ಯದ ಕಾರಣದಿಂದ ಹೊರದೇಶದ ವಿಮಾನಗಳು ನಮ್ಮ ದೇಶಕ್ಕೆ ಬರುವುದು ನಿಂತುಹೋಯಿತು. ಪಲಾವ್ ಕೂಡ ತನ್ನ ಬಾಗಿಲುಗಳನ್ನು ಮುಚ್ಚಿಕೊಂಡಿತು. ಆಗಸ್ಟ್ 17ರಂದು ಬೆಳಗಿನ ಜಾವ ನಮ್ಮ ಮನೆಯವರು ಹೃದಯಾಘಾತದಿಂದ ತೀರಿಕೊಂಡರು. ಮಗನಿಗೆ ಬರಲು ದಾರಿಯಿರಲಿಲ್ಲ. ಮೈದುನನ ಮಗನು ಕ್ರಿಯೆಗಳನ್ನು ನಡೆಸಿದನು. ನನ್ನ ಮಗನು ಅದನ್ನು ಅಂಗೈಯಗಲದ ಫೋನಿನಲ್ಲಿ ನೋಡಿದನು. 2022ರಲ್ಲಿ ಹತ್ತು ದಿನ ಊರಿಗೆ ಬಂದಾಗಲೂ ನಾವಿಬ್ಬರೂ ತೋಟದ ವಿಷಯ, ಹೆಂಚು ಬದಲಾಯಿಸುವ ವಿಷಯಗಳನ್ನೇ ಆಡಿ, ಆಡಬೇಕಾದುದನ್ನು ಆಡದೆ ಬಿಟ್ಟೆವು. ಮರುವರ್ಷ, ಎಂದರೆ 2023ರ ಫೆಬ್ರವರಿಯಲ್ಲಿ, ಅವನು ಟಿಕೇಟು ಕಳುಹಿಸಿ ನನ್ನನ್ನು ಕರೆಸಿಕೊಂಡನು.

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ತೈಪೆ, ಅಲ್ಲಿಂದ ಇನ್ನೂ ನಾಲ್ಕು ಗಂಟೆಯ ಪ್ರಯಾಣ. ಪಲಾವ್ ಫಿಲಿಪೈನ್ಸಿನ ಪೂರ್ವಕ್ಕೆ, ಭೂಮಧ್ಯರೇಖೆಯಿಂದ ಏಳು ಡಿಗ್ರಿ ಉತ್ತರಕ್ಕೆ ಇರುವ ದ್ವೀಪಗಳ ಸಮೂಹ. ದೇಶವೆಲ್ಲ ಸೇರಿ ಹದಿನೆಂಟು ಸಾವಿರ ಜನ. ನಮ್ಮ ಕಡೆಯ ಒಂದು ಪಟ್ಟಣದಷ್ಟು. ವಿಮಾನದಿಂದ ಇಳಿದೊಡನೆ ಅಧಿಕಾರಿಯು ನನ್ನ ಪಾಸ್‌ಪೋರ್ಟಿನ ಒಂದು ಪುಟದ ಮೇಲೆ ದೊಡ್ಡ ಮೊಹರನ್ನೊತ್ತಿ ರುಜು ಮಾಡಿರೆಂದನು. ಏನೆಂದು ನೋಡಿದರೆ, ಅದು ಆ ದೇಶದ ಮಕ್ಕಳನ್ನು ಉದ್ದೇಶಿಸಿದ ಪ್ರತಿಜ್ಞೆ: ನಿಮ್ಮ ನಾಡಿಗೆ ಅತಿಥಿಯಾಗಿ ಬಂದಿದ್ದೇನೆ, ಅದಕ್ಕೆ ಹಾನಿಮಾಡದೆ ಹಗುರವಾಗಿ ಹೆಜ್ಜೆಯಿಡುತ್ತೇನೆ ಎಂಬ ಅರ್ಥದ್ದು. 2017ರ ಡಿಸೆಂಬರಿನಿಂದ ಈ ಪದ್ಧತಿಯು ನಡೆದುಬಂದಿದೆಯಂತೆ. ಇನ್ನೊಬ್ಬರ ಮಕ್ಕಳಿಗೆ ಮಾತುಕೊಟ್ಟು ರುಜುಮಾಡುವಾಗ ನನ್ನ ಕೈ ಏಕೋ ಸ್ವಲ್ಪ ನಡುಗಿತು. ಹೊರಗೆ ಮಗನು ನಿಂತಿದ್ದನು. ಮೈ ಕಪ್ಪಾಗಿ, ಕೂದಲು ಉಪ್ಪುನೀರಿಗೆ ಕೆಂಚಾಗಿ, ನಗುವಾಗ ಮಾತ್ರ ತಂದೆಯ ಹಾಗೆಯೇ ಕಾಣುತ್ತಿದ್ದನು.

ಮೊದಲ ಮೂರು ದಿನ ಕೊರೋರ್ ಪಟ್ಟಣವನ್ನೂ ಬಾಬೆಲ್ದಾಬ್ ಎಂಬ ದೊಡ್ಡ ದ್ವೀಪವನ್ನೂ ನೋಡಿದೆನು. ಪರದೇಶವೆಂದು ಹೋದವಳಿಗೆ ಕಂಡುದು ನಮ್ಮ ಮಲೆನಾಡೇ. ಕೆಂಪು ಮಣ್ಣು, ತೆಂಗು, ದಿನಕ್ಕೆರಡು ಸಲ ಬಂದು ಹೋಗುವ ಮಳೆ, ಮತ್ತು ತಗ್ಗಿನ ನೀರುಗದ್ದೆಯಲ್ಲಿ ಸಾಲಾಗಿ ನೆಟ್ಟ ಕೆಸು! ಅಲ್ಲಿ ಕೆಸುವಿನ ಗೆಡ್ಡೆಯೇ ಮೂಲ ಆಹಾರ. ಅದನ್ನು ಬೆಳೆಯುವುದು ತಲೆತಲಾಂತರದಿಂದ ಹೆಂಗಸರ ಅಧಿಕಾರ. ಮಗನು ಬಾಡಿಗೆಗಿದ್ದ ಮನೆಯ ಯಜಮಾನಿ ನನ್ನ ವಯಸ್ಸಿನವಳು. ಮೊದಲ ಸಂಜೆಯೇ ಆಕೆ ಜಗುಲಿಯಲ್ಲಿ ಕುಳ್ಳಿರಿಸಿ, ಬುಟ್ಟಿಯಿಂದ ಹಸಿ ಅಡಕೆಯನ್ನು ತೆಗೆದು ಸೀಳಿ, ಎಲೆಯಿಟ್ಟು, ಸುಣ್ಣ ಹಚ್ಚಿ ನನ್ನ ಮುಂದೆ ಹಿಡಿದಳು. ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ಎಕರೆ ಅಡಕೆಯ ತೋಟವಿದೆಯೆಂದು ಮಗನಿಂದ ಹೇಳಿಸಿದೆನು. ಆಕೆ ನನ್ನ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಸಾವಿರಾರು ಮೈಲಿಯಾಚೆ ತಾಂಬೂಲದ ಮರ್ಯಾದೆ ಸಿಕ್ಕೀತೆಂದು ಯಾರು ಎಣಿಸಿದ್ದರು!

ಆ ಸಮಾಜದಲ್ಲಿ ಮನೆತನವು ತಾಯಿಯ ಕಡೆಯಿಂದ ಬರುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸದಲ್ಲ. ಊರಿನ ಮುಖಂಡನು ಗಂಡಸೇ ಆದರೂ ಅವನನ್ನು ಆರಿಸುವವರೂ, ತಪ್ಪಿದರೆ ಇಳಿಸುವವರೂ ಮನೆತನದ ಹಿರಿಯ ಹೆಂಗಸರು. ಮುಖಂಡರು ಸೇರುವ ‘ಬೈ’ ಎಂಬ ಮರದ ಸಭಾಗೃಹವನ್ನು ಐರಾಯ್ ಎಂಬಲ್ಲಿ ನೋಡಿದೆನು. ಅದರ ಎತ್ತರವಾದ ಹುಲ್ಲಿನ ಮಾಡು, ತೊಲೆಗಳ ಮೇಲೆ ಬಣ್ಣದಿಂದ ಬರೆದ ಕಥೆಗಳು ಬಹಳ ಸೊಗಸಾಗಿವೆ. ಇನ್ನೊಂದು ಪದ್ಧತಿಯು ನನ್ನ ಮನಸ್ಸಿಗೆ ಹಿಡಿಯಿತು. ಒಂದು ಕಡೆ ಮೀನು ಕಡಿಮೆಯಾಯಿತೆಂದು ಕಂಡರೆ ಮುಖಂಡರು ‘ಬುಲ್’ ಎಂಬ ಕಟ್ಟಳೆಯನ್ನು ವಿಧಿಸುತ್ತಾರೆ. ಅದು ತೆರವಾಗುವವರೆಗೆ ಆ ನೀರಿನಲ್ಲಿ ಯಾರೂ ಬಲೆ ಬೀಸುವಂತಿಲ್ಲ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಯನ್ನು ತಿಂದು ನಿರ್ಭಯವಾಗಿ ಈಜುವ ಮೀನುಗಳು ನನಗೆ ನೆನಪಾದುವು. ಈ ಹಳೆಯ ಬುದ್ಧಿಯೇ ಹೊಸ ಕಾಯಿದೆಗಳಿಗೂ ತಾಯಿಯಾಗಿದೆ. 2009ರಲ್ಲಿ ಪಲಾವ್ ತನ್ನ ಸಮುದ್ರವನ್ನೆಲ್ಲ ಶಾರ್ಕುಗಳಿಗೆ ಅಭಯಸ್ಥಾನವೆಂದು ಸಾರಿತು.

ನಾಲ್ಕನೆಯ ದಿನ ದೋಣಿಯಲ್ಲಿ ಪೆಲೆಲ್ಯೂ ದ್ವೀಪಕ್ಕೆ ಹೋದೆವು. ಪಲಾವನ್ನು ಆಳಿದವರು ಹಲವರು. ಸ್ಪೇನಿನವರು 1899ರಲ್ಲಿ ಅದನ್ನು ಜರ್ಮನಿಗೆ ಮಾರಿದರು. 1914ರಲ್ಲಿ ಜಪಾನಿಗಳು ಹಿಡಿದರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಡಳಿತ ಬಂದಿತು. 1994ನೆಯ ಅಕ್ಟೋಬರ್ 1ರಂದು ದೇಶವು ಸ್ವತಂತ್ರವಾಯಿತು. ಪೆಲೆಲ್ಯೂ ಎರಡು ಗಂಟೆಯಲ್ಲಿ ಸುತ್ತಬಹುದಾದ ಪುಟ್ಟ ನೆಲ. 1944ನೆಯ ಸೆಪ್ಟೆಂಬರ್ 15ರಂದು ಅಮೆರಿಕದ ಸೈನ್ಯವು ಅಲ್ಲಿ ಇಳಿದಾಗ, ನಾಲ್ಕು ದಿನದಲ್ಲಿ ಕೆಲಸ ಮುಗಿಯುವುದೆಂದು ಅದರ ಸೇನಾಪತಿಯು ಭಾವಿಸಿದ್ದನು. ಯುದ್ಧವು ಎರಡು ತಿಂಗಳಿಗೂ ಹೆಚ್ಚು ಕಾಲ, ನವೆಂಬರ್ 27ರವರೆಗೆ ನಡೆಯಿತು. ಸುಣ್ಣಕಲ್ಲಿನ ಗುಹೆಗಳಲ್ಲಿ ಅಡಗಿದ್ದ ಜಪಾನೀ ಸೈನಿಕರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ, ಅಮೆರಿಕದವರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಮಂದಿ ಸತ್ತರು. ತುಕ್ಕುಹಿಡಿದ ಟ್ಯಾಂಕಿನ ಮೇಲೆ ಬಳ್ಳಿ ಹಬ್ಬಿದೆ. ಸಿಡಿಯದ ಗುಂಡುಗಳು ಇನ್ನೂ ಇರಬಹುದಾದ್ದರಿಂದ ಕಾಲುದಾರಿಯನ್ನು ಬಿಟ್ಟು ಹೆಜ್ಜೆಯಿಡಬಾರದೆಂದು ಮಾರ್ಗದರ್ಶಿಯು ಎಚ್ಚರಿಸಿದನು.

ಒಂದು ಸಂಗತಿಯನ್ನು ಕೇಳಿ ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟೆನು. 1945ರಲ್ಲಿ ಯುದ್ಧವು ಮುಗಿದ ಮೇಲೂ ಮೂವತ್ತನಾಲ್ಕು ಜಪಾನೀ ಸೈನಿಕರು ಅದನ್ನರಿಯದೆ, ಅರಿತರೂ ನಂಬದೆ, ಅದೇ ಗುಹೆಗಳಲ್ಲಿ ಅಡಗಿದ್ದು, 1947ನೆಯ ಏಪ್ರಿಲಿನಲ್ಲಿ ಹೊರಬಂದರಂತೆ. ಅಷ್ಟು ದಿನ ಅವರ ತಾಯಂದಿರು ಏನೆಂದು ತಿಳಿದಿದ್ದರೋ! ಸತ್ತನೆಂದು ಎಳ್ಳುನೀರು ಬಿಡುವುದೇ, ಬರುವನೆಂದು ಅನ್ನ ಮುಚ್ಚಿಡುವುದೇ? ಮಗನು ನೀರಿನ ಬಾಟಲಿಯನ್ನು ಕೊಟ್ಟು, “ಬಿಸಿಲು ಹತ್ತಿತೇ ಅಮ್ಮ?” ಎಂದನು. ಹೌದೆಂದೆನು.

ಆರನೆಯ ದಿನ ಅವನು ತನ್ನ ಕೆಲಸವನ್ನು ತೋರಿಸಬೇಕೆಂದು ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟನು. ದಾರಿಯುದ್ದಕ್ಕೂ ‘ಕಲ್ಲುದ್ವೀಪ’ಗಳು. ಪುರಾತನ ಕಾಲದ ಹವಳದ ದಿಬ್ಬಗಳೇ ಮೇಲೆದ್ದು ಸುಣ್ಣಕಲ್ಲಿನ ಗುಡ್ಡಗಳಾಗಿವೆ. ಅಲೆಯೂ ಜಲಜೀವಿಗಳೂ ನೀರಿನ ಮಟ್ಟದಲ್ಲಿ ಬುಡವನ್ನು ಕೊರೆದಿರುವುದರಿಂದ ಒಂದೊಂದೂ ಹಸುರು ಅಣಬೆಯಂತೆ ಕಾಣುವುದು. ಇಂಥವು 445 ಇವೆಯಂತೆ; 2012ರಲ್ಲಿ ಯುನೆಸ್ಕೋ ಸಂಸ್ಥೆಯು ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೀರಿನ ಬಣ್ಣವನ್ನು ವರ್ಣಿಸಲು ನನ್ನಲ್ಲಿ ಮಾತಿಲ್ಲ. ಆಳವಿಲ್ಲದಲ್ಲಿ ಎಳೆಯ ಬಾಳೆಯ ಸುಳಿಯ ಹಸುರು, ಆಳವಾದಲ್ಲಿ ನವಿಲಿನ ಕೊರಳು.

‘ಬ್ಲೂ ಕಾರ್ನರ್’ ಎಂಬ ಸ್ಥಳದಲ್ಲಿ ಹವಳದ ದಂಡೆಯು ಮುಗಿದು, ಗೋಡೆಯಂತೆ ಕೆಳಕ್ಕೆ ಇಳಿದುಬಿಡುತ್ತದೆ. ಅಲ್ಲಿ ಪ್ರವಾಹವು ಬಲವಾದುದು. ಮುಳುಗುವವರು ದಂಡೆಯ ತುದಿಯಲ್ಲಿ ಜೀವವಿಲ್ಲದ ಕಲ್ಲಿಗೆ ಒಂದು ಕೊಕ್ಕೆಯನ್ನು ಸಿಕ್ಕಿಸಿ, ಹಗ್ಗದ ತುದಿಯಲ್ಲಿ ಗಾಳಿಪಟದಂತೆ ತೇಲುತ್ತ, ಮುಂದೆ ಸುಳಿಯುವ ಶಾರ್ಕುಗಳನ್ನು ನೋಡುತ್ತಾರೆ. ಮಗನು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿ, ನಾಲ್ವರು ಪ್ರವಾಸಿಗಳೊಡನೆ ಹಿಮ್ಮುಖವಾಗಿ ನೀರಿಗೆ ಬಿದ್ದನು. ಕ್ಷಣಮಾತ್ರದಲ್ಲಿ ಅಲೆಗಳು ಕೂಡಿಕೊಂಡುವು. ದೋಣಿಯಲ್ಲಿ ನಾನೂ ಅಂಬಿಗನೂ ಇಬ್ಬರೇ. ಅವನು ನೀರಿನ ಮೇಲೆ ಏಳುವ ಗುಳ್ಳೆಗಳನ್ನು ಬೆರಳಿನಿಂದ ತೋರಿಸಿದನು. ಆ ಗುಳ್ಳೆಗಳಿರುವವರೆಗೆ ಮಗನ ಉಸಿರಿದೆ ಎಂದು ನನಗೆ ಅರ್ಥವಾಯಿತು. ಅಲೆಗಳ ನಡುವೆ ಅವು ಮರೆಯಾದಾಗಲೆಲ್ಲ ನನ್ನ ಎದೆ ಹಾರಿತು. ನಲವತ್ತೆಂಟು ನಿಮಿಷಗಳಾದ ಮೇಲೆ ಕೆಂಪು ಬಣ್ಣದ ಒಂದು ಉದ್ದನೆಯ ಬಲೂನು ನೀರಿನಿಂದ ಮೇಲೆದ್ದಿತು. ಅದರ ಹಿಂದೆಯೇ ಮಗನ ತಲೆ. “ಭಯವಾಯಿತೇ?” ಎಂದು ಕೇಳಿದನು. “ನಲವತ್ತೆಂಟು ನಿಮಿಷ” ಎಂದೆನು. ಅವನು ನಗಲಿಲ್ಲ.

ಮಧ್ಯಾಹ್ನ ಉಲಾಂಗ್ ಎಂಬ ದ್ವೀಪದ ಬಿಳಿಯ ಮರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ಅಲ್ಲಿಯೇ ಅವನು ಆ ಸ್ಥಳದ ಕಥೆಯನ್ನು ಹೇಳಿದನು. 1783ನೆಯ ಆಗಸ್ಟಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ‘ಆಂಟೆಲೋಪ್’ ಎಂಬ ಹಡಗು ಅಲ್ಲಿಯ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಕಪ್ತಾನ ಹೆನ್ರಿ ವಿಲ್ಸನ್ ಮತ್ತು ಅವನ ಜನರು ಉಲಾಂಗಿನಲ್ಲಿ ಬೀಡುಬಿಟ್ಟು, ಮೂರು ತಿಂಗಳಲ್ಲಿ ಬೇರೊಂದು ಹಡಗನ್ನು ಕಟ್ಟಿಕೊಂಡರು. ಕೊರೋರಿನ ದೊರೆಯು ಅವರಿಗೆ ಅನ್ನಕೊಟ್ಟು ಆದರಿಸಿದನು. ಹೊರಡುವಾಗ, ವಿದ್ಯೆಯನ್ನು ಕಲಿತು ಬರಲೆಂದು ತನ್ನ ಮಗ ಲೀಬೂ ಎಂಬ ಇಪ್ಪತ್ತು ವರ್ಷದ ತರುಣನನ್ನೇ ಅವರ ಜೊತೆಗೆ ಕಳುಹಿಸಿದನು. ಹಿಂದಿರುಗಲು ಎಷ್ಟು ಕಾಲವೆಂದು ದೊರೆ ಕೇಳಿದನಂತೆ. ಮೂವತ್ತು ತಿಂಗಳಾಗಬಹುದು, ಮೇಲೆ ಇನ್ನಾರು ಆದರೂ ಆದೀತು ಎಂದನು ಕಪ್ತಾನ. ದೊರೆಯು ತನ್ನ ಬುಟ್ಟಿಯಿಂದ ಒಂದು ಹುರಿಯನ್ನು ತೆಗೆದು, ಅದಕ್ಕೆ ಮೂವತ್ತು ಗಂಟುಗಳನ್ನು ಹಾಕಿ, ಸ್ವಲ್ಪ ಸ್ಥಳವನ್ನು ಬಿಟ್ಟು, ಮತ್ತೆ ಆರು ಗಂಟುಗಳನ್ನು ಹಾಕಿ ಜೋಪಾನವಾಗಿ ಇಟ್ಟುಕೊಂಡನು. 1788ರಲ್ಲಿ ಜಾರ್ಜ್ ಕೀಟ್ ಎಂಬವನು ಬರೆದು ಪ್ರಕಟಿಸಿದ ಗ್ರಂಥದಲ್ಲಿ ಇದು ಉಕ್ತವಾಗಿದೆ.

“ಹುಡುಗ ಹಿಂದಿರುಗಿದನೇ?” ಎಂದೆನು.

“ಇಲ್ಲ ಅಮ್ಮ. ಲಂಡನ್ನಿಗೆ ಹೋಗಿ ಆರು ತಿಂಗಳು ತುಂಬುವುದರೊಳಗೆ, 1784ರ ಡಿಸೆಂಬರಿನಲ್ಲಿ ಸಿಡುಬಿನಿಂದ ಸತ್ತ. ರಾದರ್‌ಹೈತ್ ಎಂಬಲ್ಲಿ ಅವನ ಗೋರಿಯಿದೆ. ಸುದ್ದಿ ಹೇಳುವುದಕ್ಕೆ ನಮ್ಮ ಮುಂಬಯಿಯಿಂದಲೇ ಕಂಪೆನಿಯವರ ಎರಡು ಹಡಗುಗಳು ಬಂದುವು. ಅವು ಇಲ್ಲಿಗೆ ಮುಟ್ಟಿದ್ದು 1791ರಲ್ಲಿ. ಅಷ್ಟರಲ್ಲಿ ಆ ಮೂವತ್ತಾರು ಗಂಟೂ ಮುಗಿದು ನಾಲ್ಕು ವರ್ಷವಾಗಿತ್ತು.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಮರಳನ್ನು ಕೆದಕುತ್ತ ಅವನು ಹೇಳಿದನು: “ಪ್ರವಾಸಿಗಳಿಗೆಲ್ಲ ಈ ಕಥೆ ಹೇಳುತ್ತೇನೆ. 2020ರ ನಂತರ ಹೇಳುವಾಗಲೆಲ್ಲ ಗಂಟಲು ಕಟ್ಟುತ್ತದೆ. ಆ ದೊರೆಗೆ ಮಗನ ಮೇಲೆ ಸಿಟ್ಟಿರಲಿಲ್ಲ. ನಮ್ಮಪ್ಪ ಸಿಟ್ಟಿನಲ್ಲೇ ಹೋದರು.”

ಸೋದರಿಯರೇ, ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಕ್ಯಾಲೆಂಡರನ್ನು ಎರಡೂವರೆ ವರ್ಷ ಮುಚ್ಚಿಟ್ಟುದು ಮಗನ ಮನಸ್ಸು ನೋಯಬಾರದೆಂದು ಎಂದು ನನಗೆ ನಾನೇ ಹೇಳಿಕೊಂಡಿದ್ದೆನು. ಅದು ಪೂರ್ತಿ ನಿಜವಲ್ಲ. ನನ್ನಲ್ಲಿ ಸಿಟ್ಟಿತ್ತು. ಬಾಗಿಲು ಮುಚ್ಚಿದ್ದು ಅವನ ತಪ್ಪಲ್ಲವೆಂದು ಬುದ್ಧಿಗೆ ತಿಳಿದಿದ್ದರೂ, ಬರಬೇಕಾದವನು ಬರಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅವನ ಸಮಾಧಾನವು ನನ್ನ ಪೆಟ್ಟಿಗೆಯಲ್ಲಿದ್ದಿತು. ನಾನು ಬೀಗವನ್ನು ತೆಗೆಯಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಕ್ಯಾಲೆಂಡರಿನ ದಾರವನ್ನು ಬಿಚ್ಚಿ ಅವನ ಮುಂದೆ ಹರಡಿದೆನು. ಜನವರಿಯಿಂದ ಮಾರ್ಚ್ 25ರವರೆಗೆ ದಿನದಿನವೂ ಸಂಜೆ ಕೆಂಪು ಪೆನ್ಸಿಲಿನಿಂದ ಎಳೆದ ಗೀಟುಗಳು. ಯುಗಾದಿಯ ಸುತ್ತ ಎರಡು ಸುತ್ತು ವರ್ತುಲ. ಮರುದಿನದಿಂದ ಗೀಟಿನ ಬದಲು ಅಂಕಿಗಳು: 1, 2, 3. ಉಪಾಧ್ಯಾಯರ ಗುಂಡಾದ ಅಕ್ಷರ. ಏಪ್ರಿಲ್, ಮೇ, ಜೂನ್, ಜುಲೈ. ಒಂದು ದಿನವೂ ತಪ್ಪಿಲ್ಲ. ಆಗಸ್ಟ್ 16ರ ಮನೆಯಲ್ಲಿ 144. ಮುಂದೆ ಖಾಲಿ.

“ಪ್ರತಿದಿನ ದೀಪ ಹಚ್ಚಿದ ಮೇಲೆ ಗೋಡೆಯ ಹತ್ತಿರ ಹೋಗಿ ಬರೆಯುತ್ತಿದ್ದರು. ನನಗೆ ಏನೂ ಹೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಸಿಟ್ಟಿನವರು ಹೀಗೆ ಎಣಿಸುತ್ತಾರೆಯೇ ಮಗು?” ಎಂದೆನು. ಅವನು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿ, ಮತ್ತೆ ಮಾರ್ಚಿಗೆ ಬಂದು, ಅಲ್ಲಿಂದ ಇನ್ನೊಮ್ಮೆ ನೋಡಿದನು. ಬಹಳ ಹೊತ್ತಾದ ಮೇಲೆ, “ಅಮ್ಮ, ಈ ಪೆನ್ಸಿಲು ಇನ್ನೂ ಇದೆಯೇ?” ಎಂದು ಕೇಳಿದನು. ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ ಎಂದೆನು. ಆಮೇಲೆ ಅವನು ಅತ್ತನು. ನಾನೂ ಅತ್ತೆನು. ಮನೆಯ ಯಜಮಾನಿಯು ಕಿಟಕಿಯಿಂದ ನೋಡಿ, ಏನನ್ನೂ ಕೇಳದೆ ಎರಡು ಎಳನೀರನ್ನು ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದಳು.

ಮರುದಿನ ನಾನು ನೀರಿಗಿಳಿದೆನು. ಏಲ್ ಮಾಲ್ಕ್ ಎಂಬ ಕಲ್ಲುದ್ವೀಪದ ಒಳಗೆ ಗುಡ್ಡಗಳಿಂದ ಸುತ್ತುವರಿದ ಒಂದು ಉಪ್ಪುನೀರಿನ ಸರೋವರವಿದೆ. ಹಗ್ಗವನ್ನು ಹಿಡಿದು ಏರಿ ಇಳಿಯಬೇಕು. ತಲೆಗೆ ಹಚ್ಚಿದ್ದ ಕೊಬ್ಬರಿ ಎಣ್ಣೆಯನ್ನು ಸಾಬೂನು ಹಾಕಿ ತೊಳೆಯಿಸಿಯೇ ಮಗನು ನನ್ನನ್ನು ಹೊರಡಿಸಿದ್ದನು. ಸರೋವರಕ್ಕೆ ಎಣ್ಣೆಯಾಗಲಿ ಲೇಪನವಾಗಲಿ ಸೋಕಬಾರದು. ಮೈಮುಚ್ಚುವ ಉಡುಪು, ತೇಲಿಸುವ ಅಂಗಿ, ಮುಖಕ್ಕೆ ಗಾಜಿನ ಕವಚ. ಮಗನ ಕೈಹಿಡಿದು ಮುಖವನ್ನು ನೀರಿನಲ್ಲಿ ಅದ್ದಿದೆನು. ಮೊದಲು ಹಸುರು ಮಬ್ಬು. ಅನಂತರ ಒಂದು, ಎರಡು, ನೂರು, ಸಾವಿರ—ಹೊಂಬಣ್ಣದ ಲೋಳೆಮೀನುಗಳು, ಉಸಿರಾಡುವಂತೆ ಅರಳುತ್ತ ಮುದುಡುತ್ತ ನನ್ನ ಸುತ್ತ ಹೋಗುತ್ತಿದ್ದುವು. ತಗಲಿದರೆ ಬೆಣ್ಣೆ ಮುಟ್ಟಿದಂತೆ; ಅವುಗಳ ಚುಚ್ಚು ಮನುಷ್ಯನಿಗೆ ತಿಳಿಯುವುದೇ ಇಲ್ಲ.

ಅವುಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ವಾಸಿಸಿ, ಬಿಸಿಲಿನಿಂದ ಆಹಾರವನ್ನು ತಯಾರಿಸಿ ಮನೆಯ ಒಡೆಯನಿಗೂ ಕೊಡುತ್ತವೆ. ಆದಕಾರಣ ಆ ಮೀನುಗಳು ಬೆಳಗ್ಗೆ ಸರೋವರದ ಪೂರ್ವಕ್ಕೂ ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೂ ಸೂರ್ಯನನ್ನು ಹಿಂಬಾಲಿಸಿ ದಿನವೂ ಪ್ರಯಾಣಮಾಡುತ್ತವೆ. ದಡದ ಮರಗಳ ನೆರಳಿನ ಗೆರೆಯನ್ನು ಮಾತ್ರ ದಾಟುವುದಿಲ್ಲ. ಆ ನೆರಳಿನಲ್ಲಿ ಅವನ್ನು ಹಿಡಿದು ತಿನ್ನುವ ಹೂವಿನಾಕಾರದ ಪ್ರಾಣಿಗಳು ಕಾದಿರುತ್ತವೆ. ಸರೋವರದಲ್ಲಿ ಸಿಲಿಂಡರು ಕಟ್ಟಿ ಮುಳುಗುವುದು ನಿಷಿದ್ಧ. ಸುಮಾರು ಹದಿನೈದು ಮೀಟರಿನ ಕೆಳಗೆ ಪ್ರಾಣವಾಯುವಿಲ್ಲದ, ಚರ್ಮದ ಮೂಲಕವೇ ಏರಬಲ್ಲ ವಿಷವಿರುವ ನೀರಿದೆ. 2016ರಲ್ಲಿ ಮಹಾ ಅನಾವೃಷ್ಟಿಯುಂಟಾದಾಗ ಈ ಮೀನುಗಳು ಬಹುಮಟ್ಟಿಗೆ ಕಾಣದೇ ಹೋದುವು. ಸರೋವರದ ತಳದಲ್ಲಿ ಅಂಟಿಕೊಂಡು ಉಳಿದಿದ್ದ ಮರಿಗಳ ಮೊಳಕೆಯಿಂದ ಎರಡು ಮೂರು ವರ್ಷಗಳಲ್ಲಿ ಮತ್ತೆ ತುಂಬಿಕೊಂಡುವಂತೆ. ನೀರಿನಿಂದ ತಲೆಯೆತ್ತಿದಾಗ ಮಗನು, “ಎಷ್ಟು ಹೊತ್ತಾಯಿತು ಗೊತ್ತೇ? ಅರ್ಧ ಗಂಟೆ” ಎಂದನು. ನಾನು ಎಣಿಸಿರಲಿಲ್ಲ.

ಉಳಿದ ದಿನಗಳಲ್ಲಿ ಅವನು ತಂದೆಯ ವಿಷಯವನ್ನು ಕೇಳುತ್ತಲೇ ಇದ್ದನು. ನಾನು ಹೇಳುತ್ತಲೇ ಇದ್ದೆನು. ಹೊರಡುವ ದಿನ ಮನೆಯ ಯಜಮಾನಿಗೆ ನನ್ನ ಒಂದು ಕೈಮಗ್ಗದ ಸೀರೆಯನ್ನು ಕೊಟ್ಟೆನು. ಪತ್ರೊಡೆ ಮಾಡುವುದನ್ನು ಅದಕ್ಕೆ ಮುಂಚೆಯೇ ಕಲಿಸಿದ್ದೆನು.

ಮಕ್ಕಳು ದೂರದೇಶದಲ್ಲಿರುವ ಮನೆಗಳು ಈಗ ನಮ್ಮಲ್ಲಿ ಬಹಳ. ಅವರಿಗೆ ನಾನು ಹೇಳಬಹುದಾದುದು ಇಷ್ಟೇ: ಗೋಡೆಯ ಮೇಲೆ ಎಣಿಸುವುದನ್ನು ಒಮ್ಮೆ ಬಾಯಿಬಿಟ್ಟು ಮಕ್ಕಳಿಗೂ ಹೇಳಿರಿ.

ಆ ವರ್ಷದ ದೀಪಾವಳಿಗೆ ಮಗನು ಬಂದು ಒಂದು ತಿಂಗಳು ಇದ್ದನು. ಕೇರಿಯ ಮಕ್ಕಳ ಕಾಟಕ್ಕೆ ಒಂದು ದೊಡ್ಡ ಪಾತ್ರೆಯ ತುಂಬ ಪಲಾವು ಮಾಡಿ ಬಡಿಸಿ ನನ್ನ ಸಾಲವನ್ನು ತೀರಿಸಿದೆನು. ಅವನು ಹೊರಟುಹೋದ ಸಂಜೆ ದೀಪಕ್ಕೆ ಬತ್ತಿ ತೆಗೆಯಲೆಂದು ಡಬ್ಬಿಯನ್ನು ತೆರೆದಾಗ ಕೆಂಪು ಪೆನ್ಸಿಲು ಅದರಲ್ಲಿರಲಿಲ್ಲ.